ತಿಪ್ಪಮ್ಮ ಎಂಬ ಹೆಸರು ಮತ್ತು ಅಚಿಬೆಯ ಒಂದು ಕಾದಂಬರಿ

ನಮ್ಮ ಶಾಲೆಯಲ್ಲಿ ಶನಿವಾರದ ಕೊನೆಯ ಅರ್ಧ ಗಂಟೆ ಸಾಮಾನ್ಯ ಜ್ಞಾನಕ್ಕೆ ಮೀಸಲು. ಒಂದು ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ದೇಶಗಳ ಹೆಸರು ಬರೆದ ಚೀಟಿಗಳನ್ನು ಹಾಕಿಟ್ಟಿದ್ದೇನೆ. ಮಕ್ಕಳು ಸರದಿಯಂತೆ ಒಂದೊಂದು ಚೀಟಿ ಎತ್ತಿ, ಬಂದ ದೇಶದ ಐದು ಮಂದಿ ಪ್ರಸಿದ್ಧರ ಹೆಸರನ್ನು ಮುಂದಿನ ಶನಿವಾರ ಹಲಗೆಯ ಮೇಲೆ ಬರೆಯಬೇಕು. ಎಂಟನೆಯ ತರಗತಿಯ ಒಬ್ಬ ಹುಡುಗಿಗೆ ನೈಜೀರಿಯಾ ಬಂತು. ಅವಳು ಅಣ್ಣನ ಮೊಬೈಲು ನೋಡಿಕೊಂಡು ಬಂದು, ಗುಂಡಗಿನ ಅಕ್ಷರದಲ್ಲಿ ಹೀಗೆ ಬರೆದಳು: ವೋಲೆ ಸೋಯಿಂಕಾ, 1986ರ ನೊಬೆಲ್ ಸಾಹಿತ್ಯ ಪ್ರಶಸ್ತಿ. ಚಿನುವಾ ಅಚಿಬೆ, ಕಾದಂಬರಿಕಾರ. ಫೆಲಾ ಕುಟಿ, ಹಾಡುಗಾರ. ನ್ವಾಂಕ್ವೊ ಕಾನು, 1996ರ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದ ಫುಟ್‌ಬಾಲ್ ತಂಡದ ನಾಯಕ. ಫುನ್ಮಿಲಾಯೊ ರಾನ್ಸಮ್-ಕುಟಿ, ಫೆಲಾ ಕುಟಿಯ ತಾಯಿ.

ಅವಳು ಹೆಸರುಗಳನ್ನು ಓದತೊಡಗಿದ್ದೇ ತಡ, ತರಗತಿಯೆಲ್ಲ ನಕ್ಕಿತು. ಹಿಂದಿನ ಬೆಂಚಿನ ಹುಡುಗನೊಬ್ಬ, "ಅದೇನ್ ಹೆಸ್ರು ಮಿಸ್ಸು, ಬಾಯಲ್ಲೇ ನಿಲ್ಲಕಿಲ್ಲ" ಎಂದ. ಹುಡುಗಿ ಸೀಮೆಸುಣ್ಣ ಹಿಡಿದುಕೊಂಡು ತಲೆ ತಗ್ಗಿಸಿ ನಿಂತಳು. ನಾನು ಎಂದಿನಂತೆ "ಸುಮ್ನಿರ್ರೋ" ಎಂದು ಗದರಿಸಿ ಅವಳನ್ನು ಕೂರಿಸಿದೆ. ಆದರೆ ಮಧ್ಯಾಹ್ನ ಮನೆಗೆ ಬಂದ ಮೇಲೂ ಆ ನಗು ಕಿವಿಯಿಂದ ಹೋಗಲಿಲ್ಲ. ಕಾರಣವಿದೆ. ಒಂದು ಕಾಲದಲ್ಲಿ ಇಂಥದೇ ತರಗತಿ ನನ್ನ ಹೆಸರಿಗೂ ಹೀಗೆಯೇ ನಕ್ಕಿತ್ತು.

ಈ ಪುಸ್ತಕದ ಮೇಲೆ ಅಚ್ಚಾಗಿರುವ ಹೆಸರು ನನ್ನ ಅವ್ವ ಇಟ್ಟದ್ದಲ್ಲ. ಅವ್ವ ಇಟ್ಟ ಹೆಸರು ತಿಪ್ಪಮ್ಮ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗೆ ಹರಕೆ ಹೊತ್ತು ಈ ಹೆಸರಿಡುವವರೂ ಉಂಟು. ನಮ್ಮದು ಅದಲ್ಲ, ನಿಜವಾದ ತಿಪ್ಪೆಯದೇ. ನನಗಿಂತ ಮುಂಚೆ ಹುಟ್ಟಿದ ಮೂವರು ವರ್ಷ ತುಂಬುವುದರೊಳಗೆ ಹೋಗಿದ್ದರು. ನಾನು ಹುಟ್ಟಿದಾಗ ಅಜ್ಜಿ ನನ್ನನ್ನು ಮೊರದಲ್ಲಿ ಹಾಕಿಕೊಂಡು ಹೋಗಿ ಹಿತ್ತಲ ತಿಪ್ಪೆಯ ಮೇಲೆ ಮಲಗಿಸಿ, ಪಕ್ಕದ ಮನೆಯವರಿಂದ ಎತ್ತಿಸಿ, ಒಂದು ಬೊಗಸೆ ತೌಡು ಕೊಟ್ಟು ಕೊಂಡುಕೊಂಡಳಂತೆ. ತಿಪ್ಪೆಯ ಮೇಲೆ ಬಿದ್ದದ್ದನ್ನು ಯಾರು ಬಯಸುತ್ತಾರೆ? ಸಾವೂ ಬಯಸದು ಎಂಬ ಲೆಕ್ಕ. ಒಂದನೆಯ ತರಗತಿಗೆ ಸೇರಿಸಲು ಹೋದಾಗ ಮೇಷ್ಟ್ರು, "ಇದ್ಯಾತರ ಹೆಸರು" ಎಂದರು. ಮಕ್ಕಳು ನಕ್ಕರು. ಮೇಷ್ಟ್ರು ತಮಗೆ ತೋಚಿದ ಒಂದು ಚೆಂದದ ಹೆಸರನ್ನು ರಿಜಿಸ್ಟರಿನಲ್ಲಿ ಬರೆದುಕೊಂಡರು. ಅಪ್ಪ ಕೈಮುಗಿದು ಬಂದ. ಆ ಹೆಸರಿನಲ್ಲೇ ನಾನು ಬಿ.ಎ. ಮುಗಿಸಿ, ಬಿ.ಎಡ್. ಮಾಡಿ, ಕೆಲಸಕ್ಕೆ ಸೇರಿದೆ. ಸಹೋದ್ಯೋಗಿಗಳ ಎದುರು ಅವ್ವ ಎಲ್ಲಿ "ತಿಪ್ಪೀ" ಎಂದು ಕೂಗಿಬಿಡುತ್ತಾಳೋ ಎಂದು ಹೆದರಿ ಅವಳನ್ನು ಬಹಳ ದಿನ ಶಾಲೆಯ ಹತ್ತಿರಕ್ಕೆ ಬಿಟ್ಟುಕೊಂಡಿರಲಿಲ್ಲ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಬಿ.ಎಡ್. ಓದುವಾಗ ಮೈಸೂರಿನ ಹಳೆ ಪುಸ್ತಕದ ಅಂಗಡಿಯೊಂದರಲ್ಲಿ ಅಚಿಬೆಯವರ 'ಥಿಂಗ್ಸ್ ಫಾಲ್ ಅಪಾರ್ಟ್' ಸಿಕ್ಕಿತು. ಇಂಗ್ಲಿಷು ಸಲೀಸಾಗಿದೆಯಲ್ಲ, ಓದಬಹುದು ಎಂದು ಕೊಂಡೆ, ಅಷ್ಟೆ. ಅದನ್ನು ಸಿ. ನಾಗಣ್ಣನವರು 'ಭಂಗ' ಎಂಬ ಹೆಸರಿನಲ್ಲಿ ಕನ್ನಡಕ್ಕೆ ತಂದಿದ್ದಾರೆ. 1958ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಈ ಕಾದಂಬರಿ ಇಂದು ಐವತ್ತಕ್ಕೂ ಹೆಚ್ಚು ಭಾಷೆಗಳಲ್ಲಿದೆ. ಇದರ ಬಗ್ಗೆ ದೊಡ್ಡ ವಿಮರ್ಶಕರೆಲ್ಲ ಬರೆದಿದ್ದಾರೆ. ಬಿಳಿಯರು ಬಂದದ್ದು, ಇಗ್ಬೊ ಜನರ ಬಾಳು ಒಡೆದದ್ದು, ಒಕೊಂಕ್ವೊ ಎಂಬ ಹಟದ ಮನುಷ್ಯ ಬಾಗಲಾರದೆ ಮುರಿದದ್ದು, ಇವೆಲ್ಲ ಅಲ್ಲಿ ಇವೆ. ಅವುಗಳ ಬಗ್ಗೆ ನಾನು ಹೊಸದಾಗಿ ಹೇಳಬೇಕಾದ್ದಿಲ್ಲ. ನನಗೆ ಕಂಡದ್ದು ಬೇರೆ. ಅಚಿಬೆ ಮೊದಲಿನಿಂದ ಕೊನೆಯವರೆಗೆ ಹೆಸರುಗಳ ಬರಹಗಾರರು. ಯಾರು ಯಾರಿಗೆ ಹೆಸರಿಟ್ಟರು, ಯಾರು ಯಾರ ಹೆಸರು ಕಿತ್ತುಕೊಂಡರು ಎಂಬುದನ್ನು ಹಿಡಿದು ಹೋದರೆ ಈ ಕಾದಂಬರಿಯ ಒಳಮನೆಯ ಬಾಗಿಲು ತೆರೆಯುತ್ತದೆ.

ಒಕೊಂಕ್ವೊನ ಎರಡನೆಯ ಹೆಂಡತಿ ಎಕ್ವೆಫಿ. ಅವಳು ಹೆತ್ತದ್ದು ಹತ್ತು ಮಕ್ಕಳನ್ನು, ಅದರಲ್ಲಿ ಒಂಬತ್ತು ಎಳೆತನದಲ್ಲೇ ಸತ್ತವು. ಸತ್ತು ಸತ್ತು ಮತ್ತೆ ಅದೇ ತಾಯಿಯ ಹೊಟ್ಟೆಗೆ ಬರುವ ತುಂಟ ಮಗುವನ್ನು ಇಗ್ಬೊ ಜನ ಒಗ್ಬಾಂಜೆ ಎನ್ನುತ್ತಾರೆ. ಒಂದೊಂದು ಮಗು ಹುಟ್ಟಿದಾಗಲೂ ಎಕ್ವೆಫಿ ಒಂದೊಂದು ಹೆಸರಿಡುತ್ತಾಳೆ. ಒಂದಕ್ಕೆ ಒನ್ವುಂಬಿಕೊ, ಅಂದರೆ ಸಾವೇ ನಿನ್ನನ್ನು ಬೇಡಿಕೊಳ್ಳುತ್ತೇನೆ ಎಂದು. ಅದು ಉಳಿಯಲಿಲ್ಲ. ಮುಂದಿನದಕ್ಕೆ ಒಜೊಯೆಮೆನಾ, ಇನ್ನೊಮ್ಮೆ ಹೀಗಾಗದಿರಲಿ ಎಂದು. ಅದೂ ಹೋಯಿತು. ಆಮೇಲಿನದಕ್ಕೆ ಒನ್ವುಮಾ, ಸಾವು ತನ್ನಿಷ್ಟ ಬಂದಂತೆ ಮಾಡಿಕೊಳ್ಳಲಿ ಎಂದು. ಮೂರೇ ಹೆಸರುಗಳು. ಬೇಡಿದ್ದು, ಆಸೆಪಟ್ಟದ್ದು, ಕೈಚೆಲ್ಲಿ ಕೂತದ್ದು. ಒಬ್ಬ ತಾಯಿಯ ಹತ್ತು ಹದಿನೈದು ವರ್ಷದ ದುಃಖವನ್ನು ಹೇಳಲು ಅಚಿಬೆಗೆ ಅಳುವಿನ ವರ್ಣನೆ ಬೇಕಾಗಲಿಲ್ಲ.

ಹಾಸ್ಟೆಲಿನ ಕೋಣೆಯಲ್ಲಿ ಈ ಪುಟ ಓದಿ ಪುಸ್ತಕ ಮುಚ್ಚಿಟ್ಟೆ. ಅಲ್ಲಿಯವರೆಗೆ ತಿಪ್ಪಮ್ಮ ಎಂಬುದು ತಿಳಿವಳಿಕೆ ಇಲ್ಲದ ಹಳ್ಳಿಯವರು ಇಟ್ಟ ಕೆಟ್ಟ ಹೆಸರು ಎಂದೇ ತಿಳಿದಿದ್ದೆ. ಅದೂ ಸಾವಿನ ಜತೆ ಆಡಿದ ಮಾತು ಎಂದು ಹೊಳೆದದ್ದು ಅಂದು. ವ್ಯತ್ಯಾಸವೂ ಉಂಟು. ಎಕ್ವೆಫಿ ಸಾವಿಗೆ ಎದುರು ನಿಂತು ಮಾತಾಡುತ್ತಾಳೆ. ನಮ್ಮವರು ಸಾವಿನ ಕಣ್ಣಿಗೆ ಮಣ್ಣೆರಚುತ್ತಾರೆ. ತಿಪ್ಪಯ್ಯ, ತಿಪ್ಪೇಗೌಡ, ಹುಚ್ಚಮ್ಮ, ಗುಂಡ, ಇವೆಲ್ಲ ಮುತ್ತನ್ನು ಹೊಟ್ಟಿನಲ್ಲಿ ಬಚ್ಚಿಡುವ ಉಪಾಯ. ಆ ವಾರ ಊರಿಗೆ ಹೋದಾಗ ಅವ್ವನನ್ನು ಕೇಳಿದೆ. ಅವಳು ರಾಗಿ ಕೇರುತ್ತಿದ್ದವಳು ಕೈ ನಿಲ್ಲಿಸದೆ, "ನಿನ್ ಮುಂದೆ ಹುಟ್ಟಿದ್ ಮೂರೂ ಮಣ್ಣಾದೊ ಕಣವ್ವ. ಅವುಕ್ಕೆಲ್ಲ ದೇವ್ರ ಹೆಸ್ರೇ ಇಟ್ಟಿದ್ದೊ" ಎಂದಳು. ಆ ಮೂರು ಹೆಸರುಗಳನ್ನು ನಾನು ಕೇಳಿದ್ದು ಅದೇ ಮೊದಲು.

ಅಚಿಬೆಯವರಿಗೆ ಹೆಸರಿನ ಈ ನೋವು ಗೊತ್ತಿದ್ದುದು ಸುಮ್ಮನೆ ಅಲ್ಲ. ಅವರ ತಂದೆ ಕ್ರೈಸ್ತ ಮಿಷನ್ನಿನ ಕೆಲಸದಲ್ಲಿದ್ದವರು. ಮಗನಿಗೆ ದೀಕ್ಷಾಸ್ನಾನದಲ್ಲಿ ಕೊಟ್ಟ ಹೆಸರು ಆಲ್ಬರ್ಟ್ ಚಿನುವಲುಮೊಗು. ಆಲ್ಬರ್ಟ್ ಅಂದರೆ ವಿಕ್ಟೋರಿಯಾ ರಾಣಿಯ ಗಂಡನ ಹೆಸರು. ವಿಶ್ವವಿದ್ಯಾನಿಲಯಕ್ಕೆ ಹೋದ ಮೇಲೆ ಅವರು ಆಲ್ಬರ್ಟನ್ನು ಬಿಟ್ಟು, ಉಳಿದದ್ದನ್ನು ಮೊಟಕಾಗಿಸಿ ಚಿನುವಾ ಆದರು. ಕಾದಂಬರಿಯಲ್ಲಿ ಇದು ತಿರುಗುಮುರುಗಾಗಿ ಬರುತ್ತದೆ. ಒಕೊಂಕ್ವೊನ ಹಿರಿಯ ಮಗ ನ್ವೊಯೆ ಮಿಷನ್ನಿನವರ ಜತೆ ಸೇರಿ ಐಸಾಕ್ ಆಗುತ್ತಾನೆ. ಲೇಖಕರು ಅದನ್ನು ತಪ್ಪೆಂದೂ ಹೇಳುವುದಿಲ್ಲ, ಸರಿಯೆಂದೂ ಹೇಳುವುದಿಲ್ಲ. ಅಪ್ಪನ ಏಟು ತಿಂದು ಬೆಳೆದ, ಜೊತೆಗಾರ ಹುಡುಗನನ್ನು ಅಪ್ಪನೇ ಕಡಿದದ್ದನ್ನು ಅರಿತ ಮಗ ಅಪ್ಪ ಇಟ್ಟ ಹೆಸರನ್ನು ಹೊತ್ತುಕೊಂಡೇ ಇರಬೇಕೆಂದು ಯಾರು ಹೇಳಬಲ್ಲರು? ಹೆಸರು ಬದಲಾಯಿಸುವವರೆಲ್ಲ ಹೇಡಿಗಳಲ್ಲ, ಉಳಿಸಿಕೊಂಡವರೆಲ್ಲ ವೀರರೂ ಅಲ್ಲ. ರಿಜಿಸ್ಟರಿನ ಹೆಸರಿನಲ್ಲಿ ಅನ್ನ ತಿಂದ ನನಗೆ ಈ ಮಾತು ಸಮಾಧಾನ ಕೊಟ್ಟಿದೆ.

ಇಷ್ಟೆಲ್ಲ ಹೊಗಳಿದ ಮೇಲೆ ನನ್ನ ತಕರಾರನ್ನೂ ಹೇಳಬೇಕು. ಒಕೊಂಕ್ವೊಗೆ ಮೂವರು ಹೆಂಡಿರು. ಎರಡನೆಯವಳು ಎಕ್ವೆಫಿ, ಮೂರನೆಯವಳು ಒಜಿಯುಗೊ. ಮೊದಲನೆಯವಳ ಹೆಸರೇನು? ನಾನು ಕಾದಂಬರಿಯನ್ನು ನಾಲ್ಕು ಬಾರಿ ಓದಿದ್ದೇನೆ, ಪೆನ್ಸಿಲ್ ಹಿಡಿದು ಹುಡುಕಿದ್ದೇನೆ. ಇಲ್ಲ. ಅವಳು ಉದ್ದಕ್ಕೂ 'ನ್ವೊಯೆಯ ತಾಯಿ'. ಪರ ಊರಿನ ಹುಡುಗ ಇಕೆಮೆಫುನನನ್ನು ಸಾಕಿದವಳು ಅವಳು. ಅವನು ಎಷ್ಟು ದಿನ ಇರುತ್ತಾನೆಂದು ಕೇಳಿ ಗಂಡನಿಂದ ಬೈಸಿಕೊಂಡವಳು ಅವಳು. ಮೂರು ಗುಡಿಸಲಿನ ಮಕ್ಕಳನ್ನೂ ಸಂಭಾಳಿಸುವ ಈ ಹಿರಿಯಳಿಗೆ, ಸತ್ತ ಕೂಸುಗಳಿಗೂ ಹೆಸರು ಕೊಟ್ಟ ಲೇಖಕರು ಒಂದು ಹೆಸರು ಕೊಡಲಿಲ್ಲ.

ಊರಿನ ರೂಢಿಯೇ ಹಾಗೆ ಎನ್ನಬಹುದು. ನಮ್ಮಲ್ಲಿಯೂ ಹೆಂಗಸರನ್ನು ಕೂಗುವುದು 'ನಿಂಗನವ್ವ', 'ಕೆಂಪಿ ಅವ್ವ' ಎಂದೇ. ಪೋಷಕರ ಸಭೆಯಲ್ಲಿ ನಾನು ತಾಯಂದಿರನ್ನು ಅವರ ಹೆಸರು ಕೇಳಿದರೆ ಕೆಲವರು ಸೆರಗು ಬಾಯಿಗೆ ಹಿಡಿದು ನಗುತ್ತಾರೆ. ಆದರೆ ರೂಢಿಯನ್ನು ತೋರಿಸುವುದು ಬೇರೆ, ಲೇಖಕನೇ ಅದರೊಳಗೆ ಕೂತುಬಿಡುವುದು ಬೇರೆ. ಅಚಿಬೆಗೆ ಇದು ಗೊತ್ತಿರಲಿಲ್ಲ ಎನ್ನುವಂತಿಲ್ಲ. ಅದೇ ಕಾದಂಬರಿಯಲ್ಲಿ ಎಕ್ವೆಫಿಯ ಉಳಿದ ಒಬ್ಬಳೇ ಮಗಳು ಎಜಿನ್ಮಾ ಎಲ್ಲ ಮಕ್ಕಳಂತೆ ಅಮ್ಮ ಎನ್ನದೆ ತಾಯಿಯನ್ನು ಹೆಸರು ಹಿಡಿದು ಕರೆಯುತ್ತಾಳೆ. ಗಡೀಪಾರಾಗಿ ತಾಯಿಯ ತವರಿಗೆ ಬಂದ ಒಕೊಂಕ್ವೊನನ್ನು ಅವನ ಮುದಿ ಮಾವ ಉಚೆಂದು ಒಂದು ಪ್ರಶ್ನೆ ಕೇಳುತ್ತಾನೆ: ಮನೆಯ ಯಜಮಾನ ಗಂಡು, ಮಕ್ಕಳು ಅಪ್ಪನ ಕುಲಕ್ಕೆ ಸೇರಿದವರು, ಹಾಗಿದ್ದೂ ನಾವು ಮಕ್ಕಳಿಗೆ ನ್ನೆಕಾ, ಅಂದರೆ ತಾಯಿಯೇ ದೊಡ್ಡವಳು ಎಂಬ ಹೆಸರನ್ನು ಅಷ್ಟೊಂದು ಇಡುವುದು ಯಾಕೆ? ಒಕೊಂಕ್ವೊಗೆ ಉತ್ತರ ತಿಳಿಯದು. ತಾಯಿಯೇ ದೊಡ್ಡವಳು ಎಂಬುದಕ್ಕೆ ಒಂದು ಹೆಸರಿದೆ, ಹೆತ್ತ ತಾಯಿಗೆ ಹೆಸರಿಲ್ಲ. ಪ್ರಶ್ನೆ ಕೇಳಿದವರಿಗೂ ಉತ್ತರ ಪೂರ್ತಿ ಗೊತ್ತಿರಲಿಲ್ಲ ಎಂದೇ ನನ್ನ ಅನಿಸಿಕೆ.

ಉತ್ತರ ಹೆಣ್ಣುಮಕ್ಕಳಿಂದ ಬಂತು. ಫ್ಲೋರಾ ನ್ವಾಪಾ ಎಂಬ ನೈಜೀರಿಯಾದ ಲೇಖಕಿ ತಮ್ಮ ಮೊದಲ ಕಾದಂಬರಿಯ ಹಸ್ತಪ್ರತಿಯನ್ನು ಕಳಿಸಿದ್ದು ಅಚಿಬೆಗೇ. ಅವರು ಮೆಚ್ಚಿ ಪ್ರಕಾಶಕರಿಗೆ ದಾಟಿಸಿದರು. 1966ರಲ್ಲಿ ಬಂದ ಆ ಕಾದಂಬರಿಯ ಶೀರ್ಷಿಕೆಯೇ ಅದರ ನಾಯಕಿಯ ಹೆಸರು, 'ಎಫುರು'. ಆಮೇಲೆ ಬುಚಿ ಎಮೆಚೆಟಾ ಬಂದರು. 1979ರ ಅವರ 'ದಿ ಜಾಯ್ಸ್ ಆಫ್ ಮದರ್‌ಹುಡ್' ಮಕ್ಕಳಿಗಾಗಿ ಜೀವ ತೇದು ಕೊನೆಗೆ ದಾರಿಯ ಬದಿಯಲ್ಲಿ ಒಂಟಿಯಾಗಿ ಸಾಯುವ ತಾಯಿಯ ಕಥೆ. ಇದನ್ನೆಲ್ಲ ಅಚಿಬೆ ಕೇಳಿಸಿಕೊಂಡರು ಎಂದು ನಾನು ತಿಳಿಯಲು 1987ರ ಅವರ 'ಆಂಟ್‌ಹಿಲ್ಸ್ ಆಫ್ ದಿ ಸವಾನಾ' ಕಾರಣ. ಅದರ ನಾಯಕಿ ಬಿಯಾಟ್ರಿಸ್‌ಗೆ ಇಗ್ಬೊ ಹೆಸರೊಂದಿದೆ, ನ್ವಾನ್ಯಿಬುಇಫೆ. ಹೆಣ್ಣೂ ಒಂದು ವಸ್ತುವೇ ಸರಿ ಎಂದು ಅದರ ಅರ್ಥ. ಮತ್ತೆ ಹೆಣ್ಣು ಹುಟ್ಟಿತಲ್ಲ ಎಂದು ಮೂಗು ಮುರಿದು ಇಟ್ಟ ಹೆಸರು. ನಮ್ಮ ಸಾಕಮ್ಮಂದಿರು ಇದನ್ನು ಓದಿದರೆ ಅನುವಾದ ಬೇಡ. ದೇವನೂರ ಮಹಾದೇವರ 'ಒಡಲಾಳ'ದ ಸಾಕವ್ವನನ್ನು ಓದಿದಾಗಲೆಲ್ಲ ನನಗೆ ಆ ಹೆಸರೇ ಮೊದಲು ಚುಚ್ಚುವುದು. ಇನ್ನು ಸಾಕು ಎನ್ನಿಸಿಕೊಂಡು ಹುಟ್ಟಿದವಳು ಇಡೀ ಮನೆಯನ್ನು ಹೊತ್ತು ನಿಂತಿದ್ದಾಳಲ್ಲ ಎಂದು.

ಆ ಕಾದಂಬರಿಯ ಕೊನೆಯಲ್ಲಿ ತಂದೆ ಸತ್ತ ಮೇಲೆ ಹುಟ್ಟಿದ ಒಂದು ಹೆಣ್ಣುಕೂಸಿಗೆ ನಾಮಕರಣ. ಹೆಸರಿಡಬೇಕಾದ್ದು ಗಂಡಸರು. ಗಂಡಸರು ಬರುವಷ್ಟರಲ್ಲಿ ಬಿಯಾಟ್ರಿಸ್ ತಾನೇ ಹೆಸರಿಟ್ಟುಬಿಟ್ಟಿರುತ್ತಾಳೆ. ಅದೂ ಗಂಡುಮಕ್ಕಳಿಗೆ ಇಡುವ ಹೆಸರು, ಅಮಾಯೆಚಿನಾ, ದಾರಿ ಮುಚ್ಚದಿರಲಿ ಎಂದು. ಮುದುಕನೊಬ್ಬ ಬಂದು ವಿಷಯ ತಿಳಿದು ಸಿಟ್ಟಾಗುವ ಬದಲು ಮನಸಾರೆ ನಗುತ್ತಾನೆ. ನ್ವೊಯೆಯ ತಾಯಿಗೆ ಕೊಡದ ಹೆಸರಿನ ಸಾಲವನ್ನು ಅಚಿಬೆ ಇಪ್ಪತ್ತೊಂಬತ್ತು ವರ್ಷದ ಮೇಲೆ ಹೀಗೆ ತೀರಿಸಿದರು ಎಂದು ನಾನು ಓದಿಕೊಳ್ಳುತ್ತೇನೆ. ಪಂಡಿತರು ಒಪ್ಪದಿದ್ದರೆ ಚಿಂತೆಯಿಲ್ಲ. ಕಲೆಯ ದೃಷ್ಟಿಯಿಂದ ಮೊದಲ ಕಾದಂಬರಿಯೇ ಗಟ್ಟಿ. ಎರಡನೆಯದರಲ್ಲಿ ಮಂತ್ರಿಗಳ, ಪತ್ರಿಕೆಯವರ ಮಾತು ಜಾಸ್ತಿ. ಆದರೂ ತನ್ನ ಮೊದಲ ಪುಸ್ತಕದ ಕೊರತೆಯನ್ನು ತಾನೇ ತುಂಬಲು ಹೊರಡುವ ಲೇಖಕರು ಎಷ್ಟು ಮಂದಿ?

ಈಗ ಮೊದಲ ಕಾದಂಬರಿಯ ಕೊನೆಯ ಪುಟಕ್ಕೆ ಬರುತ್ತೇನೆ. ಒಕೊಂಕ್ವೊ ತನ್ನ ಜೀವ ತಾನೇ ಕಳೆದುಕೊಂಡಿದ್ದಾನೆ. ಬಿಳಿಯ ಜಿಲ್ಲಾಧಿಕಾರಿ ನೋಡಿ ಹೋಗುವಾಗ, ತಾನು ಬರೆಯಲಿರುವ ಪುಸ್ತಕದಲ್ಲಿ ಈ ಸಂಗತಿಗೆ ಎಷ್ಟು ಜಾಗ ಕೊಡಬಹುದೆಂದು ಲೆಕ್ಕ ಹಾಕುತ್ತಾನೆ. ಒಂದು ಅಧ್ಯಾಯ ಹೆಚ್ಚಾಯಿತು, ಒಂದು ಪ್ಯಾರಾ ಸಾಕು ಎಂಬ ತೀರ್ಮಾನಕ್ಕೆ ಬರುತ್ತಾನೆ. ಅವನ ಪ್ಯಾರಾದಲ್ಲಿ ಒಕೊಂಕ್ವೊನ ಹೆಸರೂ ಇರಲಾರದು. ನಾವು ಇಷ್ಟು ಹೊತ್ತು ಇಪ್ಪತ್ತೈದು ಅಧ್ಯಾಯ ಓದಿ ಮುಗಿಸಿದ್ದೇವೆ, ಅವನಿಗೆ ಅದೊಂದು ಪ್ಯಾರಾ. ಪುಸ್ತಕದ ಪೆಟ್ಟು ಇರುವುದು ಅಲ್ಲಿ.

2015ರಲ್ಲಿ ನಮ್ಮ ಮಂಡ್ಯ ಜಿಲ್ಲೆಯಲ್ಲಿ ಕಬ್ಬು ಬೆಳೆದವರು ಒಬ್ಬರ ಹಿಂದೊಬ್ಬರು ಜೀವ ಕಳೆದುಕೊಂಡಾಗ ಈ ಪುಟ ನನಗೆ ಮತ್ತೆ ನೆನಪಾಯಿತು. ಆ ವರ್ಷ ನನ್ನ ತರಗತಿಯ ಒಬ್ಬ ಹುಡುಗನ ತಂದೆಯೂ ಹೋದರು. ಮಾರನೆಯ ದಿನದ ಪತ್ರಿಕೆಯಲ್ಲಿ ಆರು ಸಾಲು ಬಂತು. ಹೆಸರು, ವಯಸ್ಸು, ಎಷ್ಟು ಎಕರೆ, ಎಷ್ಟು ಸಾಲ. ಹೆಸರಿನಲ್ಲೂ ಒಂದು ಅಕ್ಷರ ತಪ್ಪಿತ್ತು. ಹುಡುಗ ಹದಿನೈದು ದಿನದ ಮೇಲೆ ಶಾಲೆಗೆ ಬಂದವನು, ಆ ತುಂಡನ್ನು ಕತ್ತರಿಸಿ ಸಮಾಜ ವಿಜ್ಞಾನದ ಪುಸ್ತಕದೊಳಗೆ ಇಟ್ಟುಕೊಂಡಿದ್ದ. ತಪ್ಪಿದ ಅಕ್ಷರವನ್ನು ನೀಲಿ ಪೆನ್ನಿನಿಂದ ತಿದ್ದಿದ್ದ. ನಾನು ನೋಡಿದರೂ ನೋಡದವಳಂತೆ ಇದ್ದೆ. ಆಡಬೇಕಾದ ಮಾತು ತೋಚಲಿಲ್ಲ. ವಿಮರ್ಶೆ ಎಂದರೇನು ಎಂದು ಯಾರಾದರೂ ಕೇಳಿದರೆ ನನಗೆ ಆ ನೀಲಿ ಗೀಟು ಕಣ್ಣ ಮುಂದೆ ಬರುತ್ತದೆ.

ನಮ್ಮ ಬಸರಾಳಿನ ಮಲ್ಲಿಕಾರ್ಜುನ ದೇವಸ್ಥಾನವನ್ನು 1234ರಲ್ಲಿ ಹರಿಹರ ದಣ್ಣಾಯಕ ಕಟ್ಟಿಸಿದನೆಂದು ಮಕ್ಕಳಿಗೆ ಪ್ರತಿ ವರ್ಷ ಹೇಳಿಕೊಡುತ್ತೇನೆ. ಪ್ರಸಿದ್ಧರ ಪಟ್ಟಿ ಬೇಡ ಎನ್ನುವವಳಲ್ಲ ನಾನು. ಪಟ್ಟಿ ಇಲ್ಲದಿದ್ದರೆ ಆ ಹುಡುಗಿ ನೈಜೀರಿಯಾದ ಒಬ್ಬರ ಹೆಸರನ್ನೂ ಕೇಳುತ್ತಿರಲಿಲ್ಲ. ಆದರೆ ಪಟ್ಟಿ ಒಬ್ಬ ಮನುಷ್ಯನಿಗೆ ಒಂದು ಸಾಲು ಕೊಟ್ಟು ಮುಗಿಸುತ್ತದೆ, ಆ ಸಾಲೂ ಕೆಲವೊಮ್ಮೆ ಇನ್ನೊಬ್ಬರದು.

ಮುಂದಿನ ಶನಿವಾರ ನಾನು ಆ ಪಟ್ಟಿಯನ್ನು ಮತ್ತೆ ಹಲಗೆಯ ಮೇಲೆ ಬರೆಸಿ ಐದನೆಯ ಹೆಸರಿನ ಎದುರು ನಿಂತೆ. ಫೆಲಾ ಕುಟಿಯ ತಾಯಿ. ಮಗ ದೊಡ್ಡ ಹಾಡುಗಾರ, ನಿಜ. ಆದರೆ ಈ ತಾಯಿ 1900ರಲ್ಲಿ ಅಬೆಯೊಕುಟಾ ಎಂಬ ಊರಿನಲ್ಲಿ ಹುಟ್ಟಿದವರು, ನನ್ನ ಹಾಗೆ ಶಾಲೆಯ ಮೇಡಂ. ಫ್ರಾನ್ಸಿಸ್ ಎಂಬ ಇಂಗ್ಲಿಷ್ ಹೆಸರನ್ನು ಬಿಟ್ಟು ಫುನ್ಮಿಲಾಯೊ ಎಂದು ಕರೆಸಿಕೊಂಡವರು. ಓದು ಬಾರದ ಸಂತೆಯ ಹೆಂಗಸರನ್ನೂ ಓದಿದ ಹೆಂಗಸರನ್ನೂ ಒಂದೇ ಸಂಘದಲ್ಲಿ ಕೂರಿಸಿದರು. ಹೆಂಗಸರ ಮೇಲೆ ಹೇರಿದ್ದ ತೆರಿಗೆಯ ವಿರುದ್ಧ ಸಾವಿರಾರು ಮಂದಿ ಅರಮನೆಯ ಮುಂದೆ ಕೂತರು. 1949ರಲ್ಲಿ ಅಲ್ಲಿನ ಅರಸ ಸಿಂಹಾಸನ ಬಿಟ್ಟು ಹೋಗಬೇಕಾಯಿತು. ಸೋಯಿಂಕಾ ಹುಡುಗನಾಗಿ ಕಂಡ ಈ ಹೋರಾಟವನ್ನು ತಮ್ಮ ಬಾಲ್ಯದ ನೆನಪಿನ 'ಅಕೆ' ಪುಸ್ತಕದಲ್ಲಿ ಬರೆದಿದ್ದಾರೆ. 1977ರಲ್ಲಿ ಮಗನ ಮನೆಗೆ ನುಗ್ಗಿದ ಸೈನಿಕರು ಈಕೆಯನ್ನು ಕಿಟಕಿಯಿಂದ ಹೊರಕ್ಕೆ ಎಸೆದರು. ಮರುವರ್ಷ ತೀರಿಕೊಂಡರು. ಇಷ್ಟನ್ನು ಹೇಳುವಾಗ ತರಗತಿಯಲ್ಲಿ ಯಾರೂ ನಗಲಿಲ್ಲ.

ಹಿಂದಿನ ಬೆಂಚಿನ ಹುಡುಗನೇ, "ಅಂತೋರು ನಮ್ ಕಡೆ ಇಲ್ವಾ ಮಿಸ್ಸು?" ಎಂದು ಕೇಳಿದ. ಆಫ್ರಿಕಾದ ನೆಲದಿಂದ ಪೋರ್ಚುಗೀಸರೂ ಅರಬರೂ ಗುಲಾಮರನ್ನಾಗಿ ತಂದವರ ಮಕ್ಕಳು ನಮ್ಮ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಾಡಿನಲ್ಲಿ ಇದ್ದಾರೆ, ಸಿದ್ದಿಗಳು ಎನ್ನುತ್ತೇವೆ, ಅವರ ಮನೆಮಾತಿನಲ್ಲಿ ಕೊಂಕಣಿಯಿದೆ, ಕನ್ನಡವನ್ನೂ ಆಡುತ್ತಾರೆ ಎಂದು ಹೇಳಿದೆ. 2003ರಲ್ಲಿ ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದರು. 2020ರಲ್ಲಿ ಶಾಂತಾರಾಮ ಬುಡ್ನ ಸಿದ್ದಿಯವರು ನಮ್ಮ ವಿಧಾನ ಪರಿಷತ್ತಿನ ಸದಸ್ಯರಾದರು, ಆ ಸಮುದಾಯದಿಂದ ಮೊದಲಿಗರು. ಹೊತ್ತು ತಂದ ಹಳೆಯ ಹೆಸರುಗಳು ದಾರಿಯಲ್ಲೇ ಹೋಗಿವೆ. ಉಳಿದದ್ದು ಸಿದ್ದಿ ಎಂಬ ಒಂದು ಮಾತು. ಅದನ್ನೇ ಹೆಸರಿನ ಕೊನೆಗೆ ತಲೆಯೆತ್ತಿ ಬರೆದುಕೊಳ್ಳುತ್ತಾರೆ ಎಂದೆ.

ಆಮೇಲೆ ಎರಡು ನಿಮಿಷ ಸುಮ್ಮನಿದ್ದು, ನನ್ನ ಅವ್ವ ನನಗೆ ಇಟ್ಟ ಹೆಸರನ್ನು ಹಲಗೆಯ ಮೂಲೆಯಲ್ಲಿ ಬರೆದೆ. ಯಾಕೆ ಇಟ್ಟಳೆಂದೂ ಹೇಳಿದೆ. ಒಂದಿಬ್ಬರು ನಕ್ಕರು. ಮಕ್ಕಳಲ್ಲವೇ, ನಗಲಿ. ಮೂರನೆಯ ಸಾಲಿನ ಹುಡುಗನೊಬ್ಬ ಎದ್ದು, ತನ್ನ ಅಜ್ಜನೂ ತಿಪ್ಪೇಗೌಡನೇ ಎಂದ. ಅವ್ವ ತೀರಿಕೊಂಡು ಒಂಬತ್ತು ವರ್ಷವಾಯಿತು. ಶಾಲೆಯ ಅಂಗಳದಲ್ಲಿ ನಿಂತು ಅವಳು ಆ ಹೆಸರನ್ನು ಕೂಗಬಹುದಿತ್ತು.

ನೈಜೀರಿಯಾ ಚೀಟಿಯ ಹುಡುಗಿ ಅಷ್ಟರಲ್ಲಿ ಹಲಗೆಯ ಹತ್ತಿರ ಬಂದು, ಐದನೆಯ ಹೆಸರಿನ ಎದುರಿಗಿದ್ದ 'ಫೆಲಾ ಕುಟಿಯ ತಾಯಿ' ಎಂಬುದನ್ನು ಒರೆಸಿದಳು. "ಇಲ್ಲೇನ್ ಬರೀಲಿ ಮಿಸ್?" ಎಂದು ಕೇಳಿದಳು. ನೀನೇ ಯೋಚಿಸಿ ಬರಿ ಎಂದೆ. ಬೆಲ್ಲು ಹೊಡೆಯುವವರೆಗೂ ಅವಳು ಸೀಮೆಸುಣ್ಣ ಹಿಡಿದು ಯೋಚಿಸುತ್ತಲೇ ನಿಂತಿದ್ದಳು.